ಹಳೆ ಲ್ಯಾಪ್‌ಟಾಪಿಗೆ ಯಾವ ಓಎಸ್ ಹಾಕಬೇಕು?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ಅಫಜಲಪುರ ತಾಲ್ಲೂಕಿನ ಕರಜಗಿಯಂಥ ಊರಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ. ಮರುದಿನವೂ ಲ್ಯಾಪ್‌ಟಾಪ್ ಎಂದಿನ ಹಾಗೆ ಐದು ನಿಮಿಷ ಗುಂಯ್‌ಗುಟ್ಟಿ ಎದ್ದು ಕೂತಿರುತ್ತದೆ. ನಿಂತದ್ದು ಭದ್ರತೆಯ ಅಪ್‌ಡೇಟ್. ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಅದು ಸಿಗುತ್ತದೆ, ಆಮೇಲೆ ಇಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಚಿಪ್ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. 2017ಕ್ಕಿಂತ ಹಿಂದೆ ಕೊಂಡ ಯಾವ ಲ್ಯಾಪ್‌ಟಾಪೂ ಈ ಜರಡಿಯಿಂದ ಪಾರಾಗುವುದಿಲ್ಲ.

ಅಂಥವು ಈ ಭಾಗದ ಮನೆಗಳಲ್ಲಿ ಬೇಕಾದಷ್ಟಿವೆ. ಅಣ್ಣ ಕಲಬುರಗಿಯಲ್ಲಿ ಡಿಗ್ರಿ ಮಾಡುವಾಗ ತಗೊಂಡದ್ದು, ಸರ್ಕಾರದ ಯೋಜನೆಯಲ್ಲಿ ಕಾಲೇಜಿನಿಂದ ಬಂದದ್ದು, ಬೆಂಗಳೂರಿನ ಅಳಿಯ ಹೊಸದು ಕೊಂಡಾಗ ಊರಿಗೆ ಕಳಿಸಿಕೊಟ್ಟದ್ದು. ಈಗ ತಂಗಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಗುಲಬರ್ಗಾ ವಿಶ್ವವಿದ್ಯಾಲಯಕ್ಕೋ ಹೊರಟಿದ್ದಾಳೆ. “ಇದು ಭಾಳ ಸ್ಲೋ ಅದರಿ, ಗುಜರಿಗೇ ಹಾಕೋದು” ಎಂಬ ಮಾತು ಆಗಲೇ ಹುಟ್ಟುವುದು. ಅಂಗಡಿಗೆ ಒಯ್ದರೆ ಅರ್ಧ ಗಂಟೆಯಲ್ಲಿ ಕಳ್ಳ ಕೀಲಿಯ ವಿಂಡೋಸನ್ನೋ, ಯಾರೋ ಕತ್ತರಿಸಿ ಚಿಕ್ಕದು ಮಾಡಿದ ‘ಲೈಟ್’ ವಿಂಡೋಸನ್ನೋ ತುಂಬಿ ಕೊಡುತ್ತಾರೆ. ಅದರಲ್ಲಿ ಏನು ತೆಗೆದಿದ್ದಾರೆ, ಏನು ಸೇರಿಸಿದ್ದಾರೆ ಎಂದು ಕೊಟ್ಟವನಿಗೂ ತಿಳಿಯದು. ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಯಂತ್ರಕ್ಕೆ ಅಂಥದ್ದನ್ನು ಹಾಕಿಸಿಕೊಳ್ಳಬೇಡಿ. ಅದಕ್ಕಿಂತ ಲಿನಕ್ಸ್ ಒಳ್ಳೆಯ ದಾರಿ. ಹಣ ಕೊಡಬೇಕಿಲ್ಲ, ಎಂಟು-ಹತ್ತು ವರ್ಷದ ಯಂತ್ರಕ್ಕೂ ಇವತ್ತಿನ ಭದ್ರತೆ ಸಿಗುತ್ತದೆ.

ಆದರೆ ಯಾವ ಲಿನಕ್ಸ್ ಎಂದು ಕೇಳುವ ಮೊದಲು, ಬೇಡವೇ ಬೇಡ ಎನ್ನಬೇಕಾದವರಿಗೆ ಒಂದು ಮಾತು. ಗ್ರಾಮ ಒನ್ ಅಥವಾ ಸಿಎಸ್‌ಸಿ ನಡೆಸುತ್ತ ಹೆಬ್ಬೆಟ್ಟಿನ ಯಂತ್ರ ಜೋಡಿಸಿಕೊಂಡವರು ಆ ಲ್ಯಾಪ್‌ಟಾಪಿನ ತಂಟೆಗೆ ಹೋಗಬಾರದು. ಆಧಾರ್ ದೃಢೀಕರಣದ ಬೆರಳಚ್ಚು ಸಾಧನಗಳ ತಂತ್ರಾಂಶ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆಂದು ಮಾಡಿದ್ದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಕಿರಾಣಿ, ಗೊಬ್ಬರದ ಅಂಗಡಿಯವರಿಗೂ ಇದೇ ಮಾತು. ಪಹಣಿ ತೆಗೆಯುವುದು, ಸೇವಾ ಸಿಂಧು ಅರ್ಜಿ, ಶಾಲೆಯ ಎಸ್‌ಎಟಿಎಸ್, ವಿದ್ಯಾರ್ಥಿವೇತನದ ಫಾರ್ಮು ಇವೆಲ್ಲ ಬ್ರೌಸರಿನಲ್ಲೇ ನಡೆಯುವುದರಿಂದ ಅವಕ್ಕೆ ಯಾವ ಓಎಸ್ ಆದರೂ ನಡೆದೀತು.

ಮೊದಲು ಯಂತ್ರ, ಆಮೇಲೆ ಓಎಸ್

ಲ್ಯಾಪ್‌ಟಾಪ್ ನಿಧಾನವಾಗಲು ಓಎಸ್ ಒಂದೇ ಕಾರಣವಲ್ಲ. ನಮ್ಮ ಕಡೆ ಅದಕ್ಕಿಂತ ದೊಡ್ಡ ಕಾರಣ ಬಿಸಿಲು ಮತ್ತು ಧೂಳು. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ವಿಶೇಷವೇನಲ್ಲ, ತಗಡಿನ ಕೆಳಗೆ ಇನ್ನೂ ಹೆಚ್ಚು. ತೊಗರಿ ರಾಶಿಯ ಕಾಲದಲ್ಲಿ ಹೊಟ್ಟಿನ ಧೂಳು ಮನೆಯೊಳಗೆಲ್ಲ ಹರಡುತ್ತದೆ. ನಾಲ್ಕು ರಾಶಿ ಕಂಡ ಲ್ಯಾಪ್‌ಟಾಪಿನ ಫ್ಯಾನ್ ಬಿಚ್ಚಿ ನೋಡಿ, ಗಾಳಿ ಹೊರಡುವ ಕಂಡಿಗೆ ಅರಿವೆ ಹೊದಿಸಿದ ಹಾಗೆ ಧೂಳಿನ ಪದರ ಕೂತಿರುತ್ತದೆ. ಪ್ರೊಸೆಸರ್ ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಯಾವ ಹಗುರ ಓಎಸ್ ಹಾಕಿದರೂ ಆ ಕಾವು ಇಳಿಯುವುದಿಲ್ಲ. ಫ್ಯಾನ್ ಸ್ವಚ್ಛ ಮಾಡಿಸಿ, ಒಣಗಿದ ಥರ್ಮಲ್ ಪೇಸ್ಟ್ ತೆಗೆಸಿ ಹೊಸದು ಹಚ್ಚಿಸಿ. ಹಾಸಿಗೆಯ ಮೇಲಿಟ್ಟು ಬಳಸುವ ಚಾಳಿ ಬಿಡಿ. ಶಹಾಬಾದ್ ಫರಸಿಯ ನೆಲ ಇದ್ದರೆ ಅದೇ ಒಳ್ಳೆಯ ಮೇಜು.

ಎರಡನೆಯದು ಹಾರ್ಡ್ ಡಿಸ್ಕ್. ತಿರುಗುವ ಹಳೆ ಡಿಸ್ಕ್ ಇಟ್ಟುಕೊಂಡು ಓಎಸ್ ಮೇಲೆ ಓಎಸ್ ಬದಲಿಸುವುದೆಂದರೆ ಎತ್ತು ಸೋತಾಗ ಬಂಡಿಗೆ ಬಣ್ಣ ಬಳಿದ ಹಾಗೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿಯದು, ಸುಮಾರು 2008ರ ಈಚಿನ ಬಹುತೇಕ ಎಲ್ಲ ಲ್ಯಾಪ್‌ಟಾಪಿಗೂ ಅದೇ ಜಾಗದಲ್ಲಿ ಕೂರುತ್ತದೆ. ಒಂದೇ ಕಡೆ ದುಡ್ಡು ಹಾಕುವ ತಾಕತ್ತಿದ್ದರೆ ಇಲ್ಲಿ ಹಾಕಿ. ಎರಡನೆಯ ಸಲ ದುಡ್ಡು ಬಂದಾಗ ರ‍್ಯಾಮ್. ಹಳೆ ಯಂತ್ರಗಳಿಗೆ ಬೇಕಾದ ಡಿಡಿಆರ್3 ರ‍್ಯಾಮ್ ಕಲಬುರಗಿ, ಸೊಲ್ಲಾಪುರದ ರಿಪೇರಿ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಕೇಳಿ ನೋಡಿ. ಡಿಡಿಆರ್3 ಮತ್ತು ಡಿಡಿಆರ್3ಎಲ್ ಬೇರೆ ಬೇರೆ, ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಹೋಗುವುದು ಲೇಸು.

ಮೂರನೆಯದು ಪ್ರೊಸೆಸರ್ 64 ಬಿಟ್ಟಿನದೋ 32 ಬಿಟ್ಟಿನದೋ ಎಂಬ ಪ್ರಶ್ನೆ. ವಿಂಡೋಸಿನ ‘ಅಬೌಟ್’ ಪುಟದಲ್ಲಿ ಇದು ಬರೆದಿರುತ್ತದೆ. ಅಲ್ಲಿ ಎರಡು ಮಾತು ಇರುತ್ತವೆ, ಗಮನಿಸಿ: ಓಎಸ್ 32 ಬಿಟ್ಟಿನದಾಗಿದ್ದೂ ಪ್ರೊಸೆಸರ್ 64 ಬಿಟ್ಟಿನದಾಗಿರಬಹುದು. 2 ಜಿಬಿ ರ‍್ಯಾಮಿನ ಯಂತ್ರಗಳಿಗೆ ಅಂಗಡಿಯವರು 32 ಬಿಟ್ ವಿಂಡೋಸ್ ಹಾಕಿ ಕೊಡುವುದು ವಾಡಿಕೆಯಾಗಿತ್ತು. ನಿಜಕ್ಕೂ 32 ಬಿಟ್ ಪ್ರೊಸೆಸರ್ ಇರುವುದು 2008-10ರ ಹೊತ್ತಿನ ಆ್ಯಟಮ್ ನೆಟ್‌ಬುಕ್‌ಗಳಲ್ಲಿ ಮತ್ತು ಅದಕ್ಕೂ ಹಳೆಯವುಗಳಲ್ಲಿ.

ಆರಿಸುವಾಗ

ಹಗುರ ಲಿನಕ್ಸ್‌ಗಳ ಹೆಸರು ಹೇಳಲು ಹೊರಟರೆ ಸಂಜೆಯಾಗುತ್ತದೆ. ನನ್ನ ಅಳತೆಗೋಲು ಬೇರೆ. ಅತ್ಯಂತ ಹಗುರವಾದದ್ದನ್ನು ಹುಡುಕಬೇಡಿ, ನಿಮ್ಮ ಯಂತ್ರ ಹೊರಬಲ್ಲದ್ದರಲ್ಲಿ ಅತಿ ಹೆಚ್ಚು ಜನ ಬಳಸುವುದನ್ನು ಹುಡುಕಿ. ಅಫಜಲಪುರದಲ್ಲಿ ಲಿನಕ್ಸ್ ರಿಪೇರಿ ಮಾಡುವವರು ಸಿಗುವುದು ಕಷ್ಟ. ಕೆಟ್ಟಾಗ ಕೈಹಿಡಿಯುವುದು ಯೂಟ್ಯೂಬಿನ ವಿಡಿಯೊ, ಇಲ್ಲವೇ ಬೆಂಗಳೂರಲ್ಲಿರುವ ಗೆಳೆಯ. ಅವರಿಗೆ ಗೊತ್ತಿರುವ ಓಎಸ್ ನಿಮ್ಮಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಅದರಿಂದಾಗಿ 4 ಜಿಬಿ ರ‍್ಯಾಮ್, 64 ಬಿಟ್ ಪ್ರೊಸೆಸರ್ ಇದ್ದವರಿಗೆ ನಾನು ಹೇಳುವುದು ಒಂದೇ: ಲಿನಕ್ಸ್ ಮಿಂಟ್, ಅದರ ಎಕ್ಸ್‌ಎಫ್‌ಸಿಇ ಆವೃತ್ತಿ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ. ವಿಂಡೋಸ್ 7 ಬಳಸಿದವರಿಗೆ ಕಲಿಯುವುದೇ ಕಡಿಮೆ. ಮಿಂಟ್ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ಮಿಂಟ್‌ನಲ್ಲೇ ಸಿನಮನ್ ಎಂಬ ಇನ್ನೊಂದು ರೂಪವಿದೆ, ನೋಡಲು ಚೆಂದ, ಹಳೆ ಯಂತ್ರಕ್ಕೆ ಭಾರ.

ರ‍್ಯಾಮ್ 2 ಜಿಬಿ ಇದ್ದರೆ ಮಿಂಟ್ ಏಳುತ್ತದೆ, ಆದರೆ ಬ್ರೌಸರ್ ತೆರೆದ ಕೂಡಲೇ ಏದುಸಿರು. ಅಂಥದ್ದಕ್ಕೆ ಲುಬುಂಟು ಅಥವಾ ಎಂಎಕ್ಸ್ ಲಿನಕ್ಸ್ ನೋಡಬಹುದು. ಲುಬುಂಟು ಉಬುಂಟುವಿನ ಮನೆಯದೇ ಕೂಸು, ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪಿನದು. ಅದರ 24.04 ಆವೃತ್ತಿಗೆ ಬೆಂಬಲ 2027ರ ಏಪ್ರಿಲ್‌ವರೆಗೆ ಮಾತ್ರ, ಆಮೇಲೆ ಹೊಸ ಆವೃತ್ತಿಗೆ ಏರಬೇಕು. ಎಂಎಕ್ಸ್ ಡೆಬಿಯನ್ ಮೇಲೆ ಕಟ್ಟಿದ್ದು. ಡ್ರೈವರ್ ಹಾಕಲು, ಪೆನ್‌ಡ್ರೈವ್ ಮಾಡಲು ತನ್ನದೇ ಸಲಕರಣೆಗಳಿವೆ, ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ.

32 ಬಿಟ್ ಯಂತ್ರದವರಿಗೆ ಬಾಗಿಲುಗಳು ಒಂದೊಂದೇ ಮುಚ್ಚುತ್ತಿವೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಅದರ ಬೆನ್ನಿಗೆ ಎಂಎಕ್ಸ್ ಕೂಡ 32 ಬಿಟ್ ಕೈಬಿಟ್ಟಿತು. ಗೂಗಲ್ ಕ್ರೋಮ್ ಲಿನಕ್ಸಿನ 32 ಬಿಟ್ ಆವೃತ್ತಿಯನ್ನು 2016ರಲ್ಲೇ ನಿಲ್ಲಿಸಿತ್ತು, ಈಗ ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಯೇ ಕೊನೆ ಎಂದಿದೆ. ಉಳಿದದ್ದು ಡೆಬಿಯನ್ 12, ಅದಕ್ಕೆ 2028ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲವಿದೆ. ಅದರ ಮೇಲೆ ಕಟ್ಟಿದ ಆ್ಯಂಟಿಎಕ್ಸ್ 23 ಇನ್ನೂ ಹಗುರ, ತೆರೆದು ಕೂತಾಗ ಸುಮಾರು 200 ಎಂಬಿ ರ‍್ಯಾಮಿನಲ್ಲಿ ಮುಗಿಸುತ್ತದೆ. ಆದರೆ ನೇರವಾಗಿ ಹೇಳಿಬಿಡುತ್ತೇನೆ: 1 ಜಿಬಿಯ ನೆಟ್‌ಬುಕ್‌ನಲ್ಲಿ ಇವತ್ತಿನ ಜಾಲತಾಣಗಳನ್ನು ನೋಡುವುದು ಹಿಂಸೆ. ಅದನ್ನು ಟೈಪಿಂಗ್ ಕಲಿಯಲು, ಪಿಡಿಎಫ್ ಓದಲು, ಪೆನ್‌ಡ್ರೈವಿನ ಹಾಡು ಕೇಳಲು ಇಟ್ಟುಕೊಳ್ಳಿ. ಕಾಲೇಜಿಗೆ ಹೋಗುವ ಹುಡುಗಿಗೆ ಅದನ್ನು ಕೊಟ್ಟು ‘ಲಿನಕ್ಸ್ ಹಾಕಿದೀನಿ, ಓದು’ ಎನ್ನಬೇಡಿ.

ಇನ್ನೊಂದು ತಕರಾರಿನ ಜಾತಿ ಇದೆ. 2015-16ರ ಸುಮಾರಿಗೆ ಹತ್ತು ಸಾವಿರದ ಆಸುಪಾಸಿಗೆ ಮಾರಿದ ಚಿಕ್ಕ ಲ್ಯಾಪ್‌ಟಾಪುಗಳು, ಐಬಾಲ್ ಕಾಂಪ್‌ಬುಕ್, ಮೈಕ್ರೋಮ್ಯಾಕ್ಸ್ ಲ್ಯಾಪ್‌ಬುಕ್ ಮುಂತಾದವು: 2 ಜಿಬಿ ರ‍್ಯಾಮ್, 32 ಜಿಬಿ ಸಂಗ್ರಹ. ಇವುಗಳ ಆ್ಯಟಮ್ ಪ್ರೊಸೆಸರ್ 64 ಬಿಟ್ಟಿನದು, ಬೂಟ್ ಮಾಡುವ ಯುಇಎಫ್‌ಐ ಮಾತ್ರ 32 ಬಿಟ್ಟಿನದು. ಮಿಂಟ್ ಅಥವಾ ಉಬುಂಟುವಿನ ಪೆನ್‌ಡ್ರೈವನ್ನು ಇವು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ಜನ ಸೋಲುವುದು ಇಲ್ಲಿಯೇ. ಡೆಬಿಯನ್ ಇಂಥವನ್ನು ನಿಭಾಯಿಸುತ್ತದೆ, ಅದನ್ನೇ ಹಾಕಿ.

ಪಪ್ಪಿ ಲಿನಕ್ಸ್ ಬಗ್ಗೆ ಕೇಳಿರುತ್ತೀರಿ. 2003ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಕೌಲರ್ ಆರಂಭಿಸಿದ್ದು, ಇಡೀ ಓಎಸ್ ರ‍್ಯಾಮಿನೊಳಗೆ ಕೂತು ನಡೆಯುತ್ತದೆ. ಡಿಸ್ಕ್ ಸತ್ತ ಯಂತ್ರದಲ್ಲಿ ಪೆನ್‌ಡ್ರೈವಿನಿಂದಲೇ ಕೆಲಸ ಸಾಗಿಸಲು, ಏಳದ ವಿಂಡೋಸಿನಿಂದ ಫೋಟೊಗಳನ್ನು ಹೊರಗೆಳೆಯಲು ಇದು ಬಂಗಾರ. ದಿನಬಳಕೆಗೆ ಅದರ ರೀತಿನೀತಿ ಬೇರೆ, ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಕ್ರೋಮ್‌ಓಎಸ್ ಫ್ಲೆಕ್ಸ್ ಗೂಗಲ್‌ನದು. 4 ಜಿಬಿ ರ‍್ಯಾಮ್ ಬೇಕು, ಫೋನಿನ ಆ್ಯಪ್‌ಗಳು ನಡೆಯುವುದಿಲ್ಲ, ನೆಟ್ ಇಲ್ಲದಾಗ ಹೆಚ್ಚು ಮಾಡಲಿಕ್ಕೆ ಏನೂ ಇರುವುದಿಲ್ಲ. ನೆಟ್‌ವರ್ಕ್ ಹಿಡಿಯಲು ಮಾಳಿಗೆ ಹತ್ತಬೇಕಾದ ಮನೆಗೆ ಅದು ತಕ್ಕದ್ದಲ್ಲ.

ಲಿನಕ್ಸ್ ಎಂದರೆ ಇಂಜಿನಿಯರುಗಳದ್ದು, ನಮ್ಮ ಮಕ್ಕಳಿಗಲ್ಲ ಎಂಬ ಅಂಜಿಕೆ ಇದ್ದರೆ ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರ 2001ರ ಹೊತ್ತಿಗೆ ಶುರುಮಾಡಿದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಶಾಲೆಗಳನ್ನು ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ತಂದಿತು. ಈಗ ಅದು ಕೈಟ್ ಎಂಬ ಸಂಸ್ಥೆ, ಉಬುಂಟು ಮೇಲೆ ಕಟ್ಟಿದ ತನ್ನದೇ ಓಎಸ್ ಹಂಚುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ, ಪಾಠ ನಡೆಯುವುದು ಲಿನಕ್ಸ್ ಯಂತ್ರದ ಮೇಲೆ. ಹೈಸ್ಕೂಲು ಹುಡುಗರು ಅದರಲ್ಲೇ ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಕರಜಗಿಯ ಹುಡುಗರ ಬೆರಳೇನು ಬೇರೆಯೇ?

ಡಿಸ್ಕ್ ಮುಟ್ಟದೆ ನೋಡುವುದು

ಮಿಂಟ್‌ನ ಕಡತ ಸುಮಾರು 3 ಜಿಬಿ. ದಿನಕ್ಕೆ ಒಂದೂವರೆ, ಎರಡು ಜಿಬಿಯ ಪ್ಯಾಕಿನಲ್ಲಿ ಅದು ಒಂದೇ ದಿನ ಇಳಿಯದು. ಟೊರೆಂಟ್ ಮೂಲಕ ಇಳಿಸಿದರೆ ಅರ್ಧಕ್ಕೆ ನಿಂತದ್ದು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಇಲ್ಲವೇ ಕಾಲೇಜಿನ ವೈಫೈ ಹಿಡಿಯಿರಿ. 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಅಥವಾ ಬಲೀನಾ ಎಚರ್‌ನಿಂದ ಬರೆಯಬಹುದು. ಎರಡು-ಮೂರು ಓಎಸ್ ನೋಡಿ ಆರಿಸುವ ಮನಸ್ಸಿದ್ದರೆ ವೆಂಟಾಯ್ ಒಳ್ಳೆಯದು, ಒಂದೇ ಪೆನ್‌ಡ್ರೈವಿನಲ್ಲಿ ಎಲ್ಲವನ್ನೂ ಇಟ್ಟುಕೊಳ್ಳಬಹುದು. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇಲ್ಲದವರು ಒಟಿಜಿ ಕೇಬಲ್ ಹಾಕಿ ಫೋನಿನಿಂದಲೇ ಎಚ್‌ಡ್ರಾಯ್ಡ್ ಎಂಬ ಆ್ಯಪ್ ಬಳಸಿ ಬರೆಯಬಹುದು. ಪೆನ್‌ಡ್ರೈವಿನಲ್ಲಿದ್ದ ಮದುವೆ ಫೋಟೊ ಇದರಿಂದ ಅಳಿಸಿಹೋಗುತ್ತದೆ, ಮೊದಲೇ ತೆಗೆದಿಡಿ.

ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಶುರುಮಾಡುತ್ತಲೇ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್ ಕೀ ಒತ್ತುತ್ತಿರಿ. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಎಫ್2ರ ಸೆಟ್ಟಿಂಗಿನಲ್ಲಿ ಚಾಲೂ ಮಾಡಬೇಕಾಗಬಹುದು. ಆ್ಯಂಟಿಎಕ್ಸ್, ಪಪ್ಪಿ ಏಳದಿದ್ದರೆ ಅದೇ ಸೆಟ್ಟಿಂಗಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ. ಓಎಸ್ ಪೆನ್‌ಡ್ರೈವಿನಿಂದಲೇ ಓಡುತ್ತದೆ, ಒಳಗಿನ ವಿಂಡೋಸ್ ಹಾಗೇ ಇರುತ್ತದೆ. ಈ ಸ್ಥಿತಿಯಲ್ಲಿ ಒಂದು ಸಂಜೆ ಪೂರ್ತಿ ಕಳೆಯಿರಿ. ವೈಫೈ, ಧ್ವನಿ, ಕ್ಯಾಮೆರಾ, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೋ ಇಲ್ಲವೋ ಎಲ್ಲ ನೋಡಿ. ಹಳೆ ಡೆಲ್, ಎಚ್‌ಪಿಗಳಲ್ಲಿ ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಮೊದಲಿಗೆ ವೈಫೈ ಕಾಣದಿರಬಹುದು. ಗಾಬರಿ ಬೇಡ, ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ. ಅದರಿಂದ ಡ್ರೈವರ್ ಇಳಿಸಿಕೊಳ್ಳಬಹುದು.

ಪ್ರಿಂಟರ್ ಇದ್ದವರು ಅದನ್ನೂ ಆಗಲೇ ಜೋಡಿಸಿ. ಈ ಭಾಗದ ಝೆರಾಕ್ಸ್ ಅಂಗಡಿಯವರಿಗೆ ಬಲು ಪ್ರಿಯವಾದ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ಸತಾಯಿಸುವುದರಲ್ಲಿ ಹೆಸರುವಾಸಿ. ಎಚ್‌ಪಿಯ ಲೇಸರ್‌ಜೆಟ್ 1020ಕ್ಕೆ ಎಚ್‌ಪ್ಲಿಪ್ ತಂತ್ರಾಂಶದ ಜೊತೆಗೆ ಕಂಪನಿಯ ಪ್ಲಗಿನ್ ಇಳಿಸಬೇಕು, ಅಷ್ಟಾದರೆ ನಡೆಯುತ್ತದೆ. ಎಪ್ಸನ್‌ನ ಇಂಕ್ ಟ್ಯಾಂಕ್‌ಗಳು ಬಹುಪಾಲು ಮಾತು ಕೇಳುತ್ತವೆ.

ಕನ್ನಡ ಬರೆಯಲು

ಇಲ್ಲಿಯೇ ಹೆಚ್ಚಿನವರು ಹಿಂದೆ ಸರಿಯುವುದು. ‘ನುಡಿ’ ಇಲ್ಲ ಎಂದ ಕೂಡಲೇ ಲಿನಕ್ಸ್ ಬೇಡ ಎನ್ನುತ್ತಾರೆ. ನುಡಿ ವಿಂಡೋಸಿನ ತಂತ್ರಾಂಶ ನಿಜ, ಆದರೆ ಅದರ ಕೀಲಿಮಣೆ ವಿಂಡೋಸಿನದಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿದ ಆ ವಿನ್ಯಾಸ ಲಿನಕ್ಸಿನಲ್ಲಿ ‘ಕೆಜಿಪಿ’ ಎಂಬ ಹೆಸರಿನಲ್ಲಿ ಇದೆ. ಐಬಸ್ ಎಂಬ ಸಾಧನವನ್ನೂ ಅದರ ಎಂ17ಎನ್ ಸೇರ್ಪಡೆಯನ್ನೂ ಇನ್‌ಸ್ಟಾಲ್ ಮಾಡಿ, ಲಾಗ್‌ಔಟ್ ಆಗಿ ಬಂದು, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಸೇರಿಸಿಕೊಳ್ಳಿ. ಒತ್ತಕ್ಷರಕ್ಕೆ ಎಫ್ ಒತ್ತುವ ಬೆರಳು ಇಲ್ಲಿಯೂ ಹಾಗೇ ನಡೆಯುತ್ತದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ನೇರವಾಗಿ ‘ಕಗಪ’ ಎಂಬ ಇನ್ನೊಂದು ಆಯ್ಕೆಯೂ ಕಾಣುತ್ತದೆ. ಹೆಸರು ಒಂದೇ ಬಗೆಯದಾದರೂ ನುಡಿಯ ಅಭ್ಯಾಸ ಇದ್ದವರು ಐಬಸ್‌ನದನ್ನೇ ಹಿಡಿಯಲಿ. ಇನ್‌ಸ್ಕ್ರಿಪ್ಟ್ ಬಲ್ಲವರಿಗೆ ಅದೂ ಇದೆ.

ಅಕ್ಷರರೂಪಗಳಿಗೆ ಲೋಹಿತ್, ನೋಟೊ ಸಾಮಾನ್ಯ. ಅರವಿಂದ ವಿ.ಕೆ. ಮಾಡಿದ ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್, ಉಬುಂಟು, ಮಿಂಟ್‌ಗಳ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತವೆ, ಡಿಟಿಪಿಯವರು ಒಮ್ಮೆ ನೋಡಬೇಕು. ಡೆಬಿಯನ್‌ನ ಇನ್‌ಸ್ಟಾಲರನ್ನು ಕನ್ನಡದಲ್ಲೇ ನಡೆಸಬಹುದು. ಅಲ್ಲಿನ ಕೆಲವು ಅನುವಾದ ಓದಿದರೆ ನಗು ಬರಬಹುದು, ಆದರೂ ಅದನ್ನು ಪುಕ್ಕಟೆ ಕೂತು ಮಾಡಿದವರು ಇದ್ದಾರೆ.

ನಿಜವಾದ ತೊಡಕು ಹಳೆ ಕಡತಗಳದ್ದು. ಯುನಿಕೋಡ್‌ಗೆ ಮುಂಚಿನ ನುಡಿಯಲ್ಲಿ ಟೈಪ್ ಮಾಡಿದ ಅರ್ಜಿ, ನಡಾವಳಿ, ಲಗ್ನಪತ್ರಿಕೆ ಲಿಬ್ರೆ ಆಫೀಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಬರೀ ಓದಲು, ಪ್ರಿಂಟ್ ತೆಗೆಯಲು ಆದರೆ ವಿಂಡೋಸಿನಲ್ಲಿದ್ದ ನುಡಿ ಫಾಂಟ್‌ಗಳನ್ನು ತಂದು ಹಾಕಿಕೊಂಡರೆ ಸಾಕು. ತಿದ್ದಬೇಕಾದರೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಅದಕ್ಕೆ ಬ್ರೌಸರಿನಲ್ಲೇ ನಡೆಯುವ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ರೇಫ ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ಹೆಸರು, ಸರ್ವೆ ನಂಬರು ಇರುವ ಕಾಗದವಾದರೆ ಎರಡು ಸಲ ಓದಿ.

ಇನ್ನು ಬ್ರೌಸರ್. ಹಗುರ ಓಎಸ್‌ನಿಂದ ಉಳಿಸಿದ ರ‍್ಯಾಮನ್ನೆಲ್ಲ ಇದೊಂದೇ ನುಂಗಬಲ್ಲದು. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಹಾಕಿದರೆ ಜಾಹೀರಾತಿನ ಭಾರ ಇಳಿಯುತ್ತದೆ, ಡೇಟಾ ಕೂಡ ಉಳಿಯುತ್ತದೆ. ಯೂಟ್ಯೂಬ್ ಪಾಠ ತಡವರಿಸುತ್ತಿದ್ದರೆ ಎಚ್264ಐಫೈ ಎಂಬ ಸೇರ್ಪಡೆ ಹಾಕಿ ನೋಡಿ. ಯೂಟ್ಯೂಬ್ ಈಗ ಕಳಿಸುವ ವಿಪಿ9, ಎವಿ1 ನಮೂನೆಯ ವಿಡಿಯೊ ಬಿಚ್ಚುವ ಅಂಗ ಹಳೆ ಗ್ರಾಫಿಕ್ಸ್ ಚಿಪ್‌ನಲ್ಲಿ ಇರುವುದಿಲ್ಲ, ಎಲ್ಲ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಈ ಸೇರ್ಪಡೆ ಹಳೆ ನಮೂನೆಯನ್ನೇ ಕೇಳಿ ತರಿಸುತ್ತದೆ. 2 ಜಿಬಿ ಯಂತ್ರದವರು ಝಡ್‌ರ‍್ಯಾಮ್ ಚಾಲೂ ಮಾಡಿಕೊಳ್ಳಲಿ, ರ‍್ಯಾಮಿನೊಳಗಿನ ಮಾಹಿತಿಯನ್ನೇ ಹಿಂಡಿ ಚಿಕ್ಕದು ಮಾಡಿ ಜಾಗ ಮಾಡಿಕೊಡುವ ಉಪಾಯ ಅದು.

ಎಲ್ಲ ಒಪ್ಪಿತವಾಯಿತು, ಇನ್‌ಸ್ಟಾಲ್ ಮಾಡುವುದೇ ಎಂದಾದರೆ ಹೊತ್ತು ನೋಡಿ ಕೂಡ್ರಿ. ಹಳೆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರುತ್ತದೆ, ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲ. ಡಿಸ್ಕನ್ನು ಭಾಗ ಮಾಡುವ ಹೊತ್ತಿನಲ್ಲಿ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇನ್ವರ್ಟರ್ ಇರುವ ಮನೆಯಲ್ಲಿ ಮಾಡಿ, ಇಲ್ಲವೇ ಕರೆಂಟು ನಿಲ್ಲುತ್ತದೆಂದು ಗೊತ್ತಿರುವ ಸಮಯ ಹಿಡಿಯಿರಿ. ಅದಕ್ಕೂ ಮೊದಲು ಅಂಕಪಟ್ಟಿ, ಜಾತಿ-ಆದಾಯ ಪತ್ರ, ಫೋಟೊ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕೆ ಇಡಿ. ಜೋಡಿಸಿಯೇ ಬಿಟ್ಟರೆ ಇನ್‌ಸ್ಟಾಲರ್ ಕೇಳಿದಾಗ ತಪ್ಪಿ ಅದನ್ನೇ ಆರಿಸುವ ಅಪಾಯವಿದೆ. ಹೊಸ ಎಸ್‌ಎಸ್‌ಡಿ ಹಾಕಿಸಿದವರು ಈ ಆತಂಕದಿಂದ ಪಾರು, ಹಳೆ ಡಿಸ್ಕ್ ವಿಂಡೋಸ್ ಸಮೇತ ಪೆಟ್ಟಿಗೆಯಲ್ಲಿರುತ್ತದೆ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸಲಕರಣೆ ಇದೆ. ಮೊದಲ ದಿನ ಎಲ್ಲ ಸರಿಯಾದ ಮೇಲೆ ಅದರಿಂದ ಒಂದು ಪ್ರತಿ ತೆಗೆದಿಟ್ಟುಕೊಂಡು, ಆಮೇಲೆ ಅಪ್‌ಡೇಟ್‌ಗೆ ಕೈಹಾಕಿ.